ನೂರಕ್ಕೆ ಒಂದು ರೂಪಾಯಿ

ತಿಂಗಳ ಮೊದಲ ಭಾನುವಾರದ ಸಂಜೆ. ಮುಂಬಯಿಯ ಪಶ್ಚಿಮ ಉಪನಗರದಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ರಿಯಾಯಿತಿ ಮಳಿಗೆ. ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ಒಂಬತ್ತು ತಳ್ಳುಗಾಡಿಗಳು. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ ತಲೆ ಎತ್ತದೆಯೇ ಚೀಲ ತಂದಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದಳು. ಐದು ಕಿಲೋ ಅಕ್ಕಿ, ಐದು ಕಿಲೋ ಗೋಧಿಹಿಟ್ಟು, ಐದು ಲೀಟರ್ ಎಣ್ಣೆಯ ಕ್ಯಾನು, ತೊಗರಿಬೇಳೆ, ಸಕ್ಕರೆ, ಸಾಬೂನು, ಬಿಸ್ಕತ್ತು. ಒಂದೊಂದನ್ನೂ ಎಡಗೈಯಿಂದ ಎಳೆದು, ಕೆಂಪು ಬೆಳಕಿಗೆ ಹಿಡಿದು, ಬಲಗೈಯಿಂದ ಆಚೆಗೆ ಸರಿಸಿದಳು. ಎಣ್ಣೆಯ ಕ್ಯಾನು ಎತ್ತುವಾಗ ಮಾತ್ರ ಮೊಣಕೈಯನ್ನು ಕೌಂಟರಿನ ಅಂಚಿಗೆ ಆನಿಸಿಕೊಂಡಳು. ಐದು ನಿಮಿಷದಲ್ಲಿ 43 ವಸ್ತು, 3,260 ರೂಪಾಯಿ. ಅವಳಿಗೆ ಕೂರಲು ಒಂದು ಸ್ಟೂಲು ಕೂಡ ಇರಲಿಲ್ಲ.

ಮನೆಗೆ ಬಂದು ಚೀಲಗಳನ್ನು ತಕ್ಕಡಿಗಿಟ್ಟು ನೋಡಿದೆ. 26 ಕಿಲೋ. ಆಮೇಲೆ ಕಾಗದ ಹಿಡಿದು ಕೂತೆ. ಗಂಟೆಗೆ ಇಂಥ ಹನ್ನೆರಡು ಬಿಲ್ಲು, ದಿನಕ್ಕೆ ಎಂಟು ಗಂಟೆ ಎಂದಿಟ್ಟುಕೊಂಡರೆ ಅವಳ ಕೈಯಲ್ಲಿ ಹಾದುಹೋಗುವುದು 4,128 ವಸ್ತು, 2,496 ಕಿಲೋ ಭಾರ. ಎರಡೂವರೆ ಟನ್ ಅಂದರೆ ಹೆಚ್ಚುಕಡಿಮೆ ಒಂದು ಹೆಣ್ಣಾನೆಯ ತೂಕ. ತಿಂಗಳಿಗೆ 26 ದಿನದ ಕೆಲಸವಾದರೆ 65 ಟನ್. ಹತ್ತು ಟನ್ನಿನ ಲಾರಿಗಳು ಆರೂವರೆ. ಎಲ್ಲರ ಬಿಲ್ಲೂ ನನ್ನದರಷ್ಟು ಉದ್ದವಿರುವುದಿಲ್ಲ, ಸೋಮವಾರ ಮಧ್ಯಾಹ್ನ ಮಳಿಗೆ ಖಾಲಿ ಇರುತ್ತದೆ, ಒಪ್ಪೋಣ. ಅರ್ಧ ಕಳೆದರೂ ಮೂರು ಲಾರಿಗೆ ಮೇಲೆ ಉಳಿಯುತ್ತದೆ. ಇಪ್ಪತ್ತೆರಡು-ಇಪ್ಪತ್ತಮೂರರ ಒಬ್ಬ ಹುಡುಗಿ, ನಿಂತ ಕಾಲಿನಲ್ಲೇ, ತಿಂಗಳಿಗೆ ಮೂರು ಲಾರಿ ಸರಕನ್ನು ಒಂದೊಂದೇ ಪೊಟ್ಟಣವಾಗಿ ಎಡದಿಂದ ಬಲಕ್ಕೆ ಸರಿಸುತ್ತಾಳೆ.

ಈ ಲೆಕ್ಕ ನನ್ನನ್ನು ಇನ್ನೂ ದೊಡ್ಡ ಲೆಕ್ಕಗಳ ಕಡೆಗೆ ಎಳೆದುಕೊಂಡು ಹೋಯಿತು.

ಅಗ್ಗದ ಬೆಲೆಯ ಮಳಿಗೆ ಎಂದ ಕೂಡಲೇ ಮುಂಬಯಿಯವರಿಗೆ ಮೊದಲು ನೆನಪಾಗುವ ಹೆಸರು ಡಿಮಾರ್ಟ್. ಷೇರುಪೇಟೆಯಲ್ಲಿ ಹೆಸರು ಮಾಡಿದ ರಾಧಾಕಿಶನ್ ದಮಾನಿ ಅದರ ಮೊದಲ ಮಳಿಗೆಯನ್ನು 2002ರಲ್ಲಿ ಪವಾಯಿಯಲ್ಲಿ ತೆರೆದರು. 2017ರ ಮಾರ್ಚಿನಲ್ಲಿ ಕಂಪನಿ ಷೇರುಪೇಟೆಗೆ ಬಂದಾಗ 299 ರೂಪಾಯಿಯ ಷೇರು ಮೊದಲ ದಿನವೇ ಎರಡರಷ್ಟಕ್ಕೂ ಮೇಲೇರಿತು. 2025ರ ಮಾರ್ಚ್ ಕೊನೆಗೆ ದೇಶದಲ್ಲಿ ಅದರ ಮಳಿಗೆಗಳು 415. ಆ ಒಂದು ವರ್ಷದ ವ್ಯಾಪಾರ 59,358 ಕೋಟಿ ರೂಪಾಯಿ. ದಿನಕ್ಕೆ 162 ಕೋಟಿ. ಹಗಲು ರಾತ್ರಿಯೆನ್ನದೆ ಹಂಚಿದರೆ ಸೆಕೆಂಡಿಗೆ 18,800 ರೂಪಾಯಿ. ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಒಂದು ಮಧ್ಯಮ ವರ್ಗದ ಮನೆಯ ಐದಾರು ತಿಂಗಳ ದಿನಸಿಯಷ್ಟು ವ್ಯಾಪಾರವಾಗಿರುತ್ತದೆ.

ಇಷ್ಟು ದೊಡ್ಡ ಕಟ್ಟಡ ನಿಂತಿರುವುದು ತೀರ ತೆಳುವಾದ ಒಂದು ಪದರದ ಮೇಲೆ. ಆ ವರ್ಷದ ನಿವ್ವಳ ಲಾಭ 2,707 ಕೋಟಿ. ನೂರು ರೂಪಾಯಿ ಮಾರಾಟಕ್ಕೆ ನಾಲ್ಕೂವರೆ ರೂಪಾಯಿ. ನೂರರಲ್ಲಿ ಸುಮಾರು 85 ರೂಪಾಯಿ ಸರಕಿನ ಅಸಲಿಗೇ ಹೋಗುತ್ತದೆ. ಉಳಿದ ಹದಿನೈದರಲ್ಲಿ ಕರೆಂಟು, ಸಾಗಾಟ, ಕಟ್ಟಡ, ಸವಕಳಿ, ತೆರಿಗೆ, ಸಂಬಳ, ಲಾಭ ಎಲ್ಲವೂ ಆಗಬೇಕು. ಲೆಕ್ಕಪತ್ರದಲ್ಲಿ ನೌಕರರ ವೆಚ್ಚ ಎಂಬ ಸಾಲಿಗೆ ಬೀಳುವುದು ನೂರಕ್ಕೆ ಸುಮಾರು ಎರಡು ರೂಪಾಯಿ. ಗುತ್ತಿಗೆಯವರ ಖರ್ಚು ಬೇರೆ ಸಾಲಿನಲ್ಲಿದೆ.

ಬೆಲೆ ಹೇಗೆ ಇಳಿಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಡಿಮಾರ್ಟ್ ಬಹುಪಾಲು ಮಳಿಗೆಗಳ ಜಾಗವನ್ನು ಬಾಡಿಗೆಗೆ ಹಿಡಿಯದೆ ಕೊಂಡುಕೊಂಡಿತು. ಮುಂಬಯಿಯಂಥ ಊರಿನಲ್ಲಿ ತಿಂಗಳ ಬಾಡಿಗೆ ಇಲ್ಲ ಎಂದರೆ ಅದೊಂದೇ ದೊಡ್ಡ ಉಳಿತಾಯ. ಸರಕು ಕೊಟ್ಟವರಿಗೆ ಬೇರೆಯವರು ವಾರಗಟ್ಟಲೆ ಕಾಯಿಸುವಾಗ ಇವರು ಬೇಗ ಹಣ ಕೊಟ್ಟು, ಅದಕ್ಕೆ ಬದಲಾಗಿ ದರದಲ್ಲಿ ಕಡಿತ ಪಡೆದರು. ಮಿರುಗುವ ಮಾಲುಗಳ ಒಳಗೆ ಹೋಗಲಿಲ್ಲ, ಅಲಂಕಾರಕ್ಕೆ ದುಡ್ಡು ಸುರಿಯಲಿಲ್ಲ, ಬೇಗ ಖರ್ಚಾಗುವ ವಸ್ತುಗಳನ್ನೇ ಹೆಚ್ಚಾಗಿ ರಾಶಿ ಹಾಕಿದರು. ಇದೆಲ್ಲ ಬುದ್ಧಿವಂತಿಕೆ ಮತ್ತು ಶಿಸ್ತಿನ ಫಲ. ನಾನು ಇದನ್ನು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ಬೆಲೆ ಇಳಿದದ್ದು ಇವುಗಳಿಂದಾದರೆ, ಅದನ್ನು ಇಳಿಸಿಟ್ಟುಕೊಳ್ಳಲು ಕೆಲಸಗಾರರ ಪಗಾರವನ್ನು ನೆಲಕ್ಕೆ ಒತ್ತಿ ಹಿಡಿಯಲೇಬೇಕು ಎಂಬ ಮಾತಿಗೆ ಬುಡವಿಲ್ಲ.

ಅಂಕಿಗಳೇ ಇದನ್ನು ಹೇಳುತ್ತವೆ. 2019ರ ಮಾರ್ಚ್ ಕೊನೆಗೆ ಡಿಮಾರ್ಟಿನಲ್ಲಿ 7,713 ಕಾಯಂ ನೌಕರರಿದ್ದರು, ಗುತ್ತಿಗೆಯ ಮೇಲೆ 33,597 ಮಂದಿ. ಒಟ್ಟು 41,310. ಐವರಲ್ಲಿ ನಾಲ್ವರು ಗುತ್ತಿಗೆಯವರು. ಆ ವರ್ಷ ಮಳಿಗೆಗಳು 176, ವ್ಯಾಪಾರ 20,005 ಕೋಟಿ, ಲಾಭ ಸುಮಾರು 902 ಕೋಟಿ. ವ್ಯಾಪಾರವನ್ನು ತಲೆಗಳಿಗೆ ಹಂಚಿ ನೋಡಿ. ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ 48 ಲಕ್ಷ, ತಿಂಗಳಿಗೆ ನಾಲ್ಕು ಲಕ್ಷ ರೂಪಾಯಿಯ ಸರಕು. ನಾಲ್ಕು ಲಕ್ಷದಲ್ಲಿ ನೂರಕ್ಕೆ ಒಂದು ಅಂದರೆ ನಾಲ್ಕು ಸಾವಿರ.

ಗ್ರಾಹಕರು ನೂರು ರೂಪಾಯಿಯ ಜಾಗದಲ್ಲಿ ನೂರಾ ಒಂದು ರೂಪಾಯಿ ಕೊಟ್ಟಿದ್ದರೆ, ಆ ಒಂದು ರೂಪಾಯಿ ನೇರವಾಗಿ ಕೆಲಸಗಾರರ ಕೈ ಸೇರಿದ್ದರೆ, ಕಾಯಂ ಮತ್ತು ಗುತ್ತಿಗೆ ಎಂಬ ಭೇದವಿಲ್ಲದೆ ಪ್ರತಿಯೊಬ್ಬರ ಪಗಾರ ತಿಂಗಳಿಗೆ ನಾಲ್ಕು ಸಾವಿರ ಏರುತ್ತಿತ್ತು. ನಾನು ಈ ಗುಣಾಕಾರವನ್ನು ಮೂರು ಸಲ ಮಾಡಿದೆ. ಮೊದಲ ಸಲ ಎಲ್ಲೋ ಒಂದು ಸೊನ್ನೆ ಹೆಚ್ಚಾಗಿದೆ ಅನಿಸಿತ್ತು. ಹೆಚ್ಚಾಗಿರಲಿಲ್ಲ.

ಮಹಾರಾಷ್ಟ್ರದಲ್ಲಿ ಅಂಗಡಿ-ಮಳಿಗೆಗಳ ಕೆಲಸಗಾರರಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನ, ಮುಂಬಯಿಯಂಥ ಊರಿಗೂ, ತುಟ್ಟಿಭತ್ಯೆ ಸೇರಿಸಿ ಈಚಿನ ವರ್ಷಗಳಲ್ಲಿ ಹನ್ನೆರಡು-ಹದಿನೈದು ಸಾವಿರದ ಆಸುಪಾಸಿನಲ್ಲಿದೆ. ಅಂಥ ಪಗಾರಕ್ಕೆ ನಾಲ್ಕು ಸಾವಿರ ಸೇರಿತೆಂದರೆ ಮನೆಯ ಬಣ್ಣವೇ ಬದಲಾಗುತ್ತದೆ. ಮಗುವನ್ನು ಟ್ಯೂಷನ್ನಿಗೆ ಕಳಿಸಬಹುದು. ಅಮ್ಮನ ಬಿಪಿ ಮಾತ್ರೆ ತಿಂಗಳ ಕೊನೆಯಲ್ಲಿ ನಿಲ್ಲುವುದಿಲ್ಲ. ಕೊಳ್ಳುವವನ ಕಡೆ ಏನಾಗುತ್ತದೆ? ನನ್ನ 3,260ರ ಬಿಲ್ಲು 32 ರೂಪಾಯಿ 60 ಪೈಸೆಯಷ್ಟು ಏರುತ್ತದೆ. ನಮ್ಮ ಸ್ಟೇಷನ್ನಿನ ಹೊರಗೆ ಒಂದು ವಡಾಪಾವ್, ಒಂದು ಕಟಿಂಗ್ ಚಹಾಕ್ಕೆ ಆಗುವ ಹಣ.

ಇದು ನಮ್ಮೂರಿನ ಅಂಕಿಗಳ ಆಟವಷ್ಟೇ ಅಲ್ಲ. ಜಗತ್ತಿನಲ್ಲಿ ಸುಮಾರು 21 ಲಕ್ಷ ಜನರಿಗೆ ಕೆಲಸ ಕೊಟ್ಟಿರುವ ವಾಲ್‌ಮಾರ್ಟ್ ಬಗ್ಗೆ 2011ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಂಥದೇ ಲೆಕ್ಕ ಮಾಡಿದ್ದರು. ಅಲ್ಲಿನ ಕೆಲಸಗಾರರ ಕನಿಷ್ಠ ಕೂಲಿಯನ್ನು ಗಂಟೆಗೆ 12 ಡಾಲರಿಗೆ ಏರಿಸಿ, ಅದರ ಪೂರ್ತಿ ಭಾರವನ್ನು ಗ್ರಾಹಕರ ಮೇಲೆ ಹಾಕಿದರೂ ಸಾಮಾನ್ಯ ಗ್ರಾಹಕನಿಗೆ ಒಂದು ಸಲದ ಖರೀದಿಗೆ ಬೀಳುವ ಹೊರೆ 46 ಸೆಂಟ್, ವರ್ಷಕ್ಕೆ ಹನ್ನೆರಡೂವರೆ ಡಾಲರ್. ಬೆಲೆಯ ಲೆಕ್ಕದಲ್ಲಿ ಶೇ 1.1. ಅಮೆರಿಕವಾಗಲಿ ಮುಂಬಯಿಯಾಗಲಿ, ಉತ್ತರ ಅದೇ ನೂರಕ್ಕೆ ಒಂದರ ಸುತ್ತ ಬಂದು ನಿಲ್ಲುತ್ತದೆ. ಕಾರಣ ಸರಳ. ದಿನಸಿ ವ್ಯಾಪಾರದಲ್ಲಿ ಸರಕಿನ ನದಿ ಅಷ್ಟು ದೊಡ್ಡದು, ಪಗಾರದ ಕಾಲುವೆ ಅಷ್ಟು ಸಣ್ಣದು. ಕಾಲುವೆಯಲ್ಲಿ ನೀರು ಮೊಳಕಾಲಿನಿಂದ ಸೊಂಟಕ್ಕೇರಿದರೂ ನದಿಯ ಮಟ್ಟ ಬೆರಳಷ್ಟೂ ಇಳಿಯುವುದಿಲ್ಲ.

ಅಗ್ಗದ ಅಂಗಡಿ ಈ ಊರಿನಲ್ಲಿ ಹುಟ್ಟಿದ ಬಗೆಯನ್ನೂ ನೆನೆಯಬೇಕು. 1948ರಲ್ಲಿ ಪರೇಲ್ ಬಳಿಯ ನಾಯಗಾಂವ್‌ನಲ್ಲಿ, ಗಿರಣಿ ಕಾರ್ಮಿಕರ ಚಾಳುಗಳ ನಡುವೆ ಒಂದು ಸಹಕಾರ ಸಂಘ ಹುಟ್ಟಿತು. ಹೆಸರು ಮುಂಬಯಿ ಕಾಮಗಾರ್ ಮಧ್ಯವರ್ತಿ ಗ್ರಾಹಕ ಸಹಕಾರಿ ಸಂಸ್ಥೆ. ಮಹಾಯುದ್ಧ ಮುಗಿದಿದ್ದರೂ ರೇಷನ್ನು ಮುಗಿದಿರಲಿಲ್ಲ, ಕಾಳಸಂತೆಯ ಕಾಲ. ಕಾರ್ಮಿಕರ ಮನೆಗೆ ಸರಿಯಾದ ತೂಕದ, ಸರಿಯಾದ ಬೆಲೆಯ ದಿನಸಿ ಸಿಗಲಿ ಎಂಬುದು ಅದರ ಗುರಿ. ಮುಂದೆ ಇದೇ ಸಂಘ ಅಪ್ನಾ ಬಜಾರ್ ಎಂದು ಮುಂಬಯಿಯ ಮನೆಮಾತಾಯಿತು. ದಮಾನಿಯವರು ದಿನಸಿ ವ್ಯಾಪಾರದ ಅಕ್ಷರಾಭ್ಯಾಸ ಮಾಡಿದ್ದೂ ಇಲ್ಲೇ. 1990ರ ದಶಕದ ಕೊನೆಯಲ್ಲಿ ನವಿ ಮುಂಬಯಿಯ ನೆರೂಲ್‌ನಲ್ಲಿ ಅಪ್ನಾ ಬಜಾರಿನ ಒಂದು ಮಳಿಗೆಯನ್ನು ಫ್ರಾಂಚೈಸಿಯಾಗಿ ನಡೆಸಿ, ಅನುಭವ ಪಡೆದು, ಆಮೇಲೆ ಅವರು ತಮ್ಮದೇ ಮಳಿಗೆ ತೆರೆದರು. ಆ 59 ಸಾವಿರ ಕೋಟಿಯ ವ್ಯಾಪಾರದ ಬೇರು ಹುಡುಕುತ್ತ ಹೋದರೆ ಕೈಗೆ ಸಿಗುವುದು ಗಿರಣಿ ಕಾರ್ಮಿಕರ ಹೆಸರು ಹೊತ್ತ ಒಂದು ಸಹಕಾರಿ ಅಂಗಡಿ.

ಆ 1948 ಸಾಮಾನ್ಯ ವರ್ಷವಲ್ಲ. ಅದೇ ವರ್ಷ ದೇಶಕ್ಕೆ ಕನಿಷ್ಠ ವೇತನ ಕಾಯಿದೆ ಬಂತು. ಅಂಗಡಿ ಕೆಲಸಗಾರರ ದುಡಿಮೆಯ ಅವಧಿ, ವಾರದ ರಜೆ ಗೊತ್ತುಮಾಡಿದ ಮುಂಬಯಿ ಪ್ರಾಂತದ ಅಂಗಡಿ ಕಾಯಿದೆಯೂ ಅದೇ ವರ್ಷದ್ದು. ನೌಕರರ ರಾಜ್ಯ ವಿಮಾ ಕಾಯಿದೆಯೂ ಅದೇ ವರ್ಷದ್ದು. ನ್ಯಾಯವಾದ ಕೂಲಿ ಎಂದರೇನು ಎಂದು ವಿಚಾರಿಸಲು ಕೇಂದ್ರ ಸರ್ಕಾರ ಸಮಿತಿ ನೇಮಿಸಿದ್ದೂ 1948ರಲ್ಲೇ. ಆ ಸಮಿತಿ ಮೂರು ಮೆಟ್ಟಿಲು ಕಟ್ಟಿತು: ಕನಿಷ್ಠ ವೇತನ, ನ್ಯಾಯ ವೇತನ, ಜೀವನ ವೇತನ. ಕನಿಷ್ಠ ವೇತನ ಬರೀ ಉಸಿರಾಡಲು ಮಾತ್ರವಲ್ಲ, ದುಡಿಯುವ ಶಕ್ತಿ ಉಳಿಯಲೂ ಸಾಲುವಷ್ಟು, ಜೀವನ ವೇತನ ಮಕ್ಕಳ ಓದು, ಕಾಯಿಲೆ, ಮುಪ್ಪು ಎಲ್ಲಕ್ಕೂ ಆಗುವಷ್ಟು. ಎರಡು ವರ್ಷ ಕಳೆಯುವಷ್ಟರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 43ನೇ ವಿಧಿಯಲ್ಲಿ ಮೂರನೆಯ ಮೆಟ್ಟಿಲನ್ನು ಗುರಿಯಾಗಿ ಬರೆದುಕೊಂಡಿತು. ಅಗ್ಗದ ಬೆಲೆ ಮತ್ತು ಮರ್ಯಾದೆಯ ಪಗಾರ ಅಂದಿನವರ ಕಣ್ಣಿನಲ್ಲಿ ಒಂದೇ ಕೆಲಸದ ಎರಡು ಕೈಗಳಾಗಿದ್ದವು. ಒಂದನ್ನು ಪಡೆಯಲು ಇನ್ನೊಂದನ್ನು ಕತ್ತರಿಸಬೇಕೆಂದು ಯಾರೂ ಹೇಳಿರಲಿಲ್ಲ.

ಮೊದಲ ಮೆಟ್ಟಿಲಿನ ಎತ್ತರವನ್ನು ಅಳೆದದ್ದು 1957ರ ಭಾರತೀಯ ಕಾರ್ಮಿಕ ಸಮ್ಮೇಳನ. ದುಡಿಯುವವನೊಬ್ಬ, ಅವನೂ ಸೇರಿ ಮನೆ ಮೂವರು ವಯಸ್ಕರ ಊಟದ ಲೆಕ್ಕದ್ದು, ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆಯ ಬಾಬ್ತು ಬೇರೆ, ಸೌದೆ-ದೀಪ ಮುಂತಾದ ಖರ್ಚಿಗೆ ಒಟ್ಟು ವೇತನದ ಶೇ 20. 1991ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆಗಳ ಬಾಬ್ತು ಇನ್ನೂ ಶೇ 25 ಸೇರಿಸಬೇಕೆಂದಿತು. 2019ರಲ್ಲಿ ಕೇಂದ್ರದ ತಜ್ಞ ಸಮಿತಿ ಹೊಸ ಲೆಕ್ಕ ಕೊಟ್ಟಿತು: ದೇಶದ ಕನಿಷ್ಠ ವೇತನ ದಿನಕ್ಕೆ 375, ತಿಂಗಳಿಗೆ 9,750 ರೂಪಾಯಿ ಇರಲಿ, ನಗರದವರಿಗೆ ಬಾಡಿಗೆಯೆಂದು ತಿಂಗಳಿಗೆ ಇನ್ನೂ 1,430 ಸೇರಲಿ. ತಿಂಗಳಿಗೆ 1,430 ರೂಪಾಯಿಗೆ ಮುಂಬಯಿಯಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗ ಹುಡುಕಿ ನೋಡಿ. ಅದಕ್ಕೇ ಪೇಟೆಯಲ್ಲಿ ದುಡಿಯುವವರು ಪೇಟೆಯಲ್ಲಿ ಇರುವುದಿಲ್ಲ. ವಿರಾರ್, ನಾಲಾಸೋಪಾರ, ಟಿಟ್ವಾಳ, ಅಂಬರನಾಥದಿಂದ ಬರುತ್ತಾರೆ. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರ್. ಕೋವಿಡ್‌ಗೆ ಮುಂಚೆ ಈ ಊರಿನ ಲೋಕಲ್ ರೈಲುಗಳು ದಿನಕ್ಕೆ 75 ಲಕ್ಷ ಜನರನ್ನು ಹೊರುತ್ತಿದ್ದವು. ಮಳಿಗೆಯಲ್ಲಿ ಎಂಟು-ಒಂಬತ್ತು ಗಂಟೆ ನಿಂತವಳು ಮನೆಗೆ ಹೋಗುವಾಗಲೂ ಡಬ್ಬಿಯಲ್ಲಿ ನಿಂತೇ ಹೋಗುತ್ತಾಳೆ.

ಅದೇ ಊರಿನ ಇನ್ನೊಂದು ತುದಿಯ ಒಂದು ಅಂಕಿಯನ್ನೂ ಹೇಳಬೇಕು. 2021ರ ಮಾರ್ಚಿನಲ್ಲಿ ದಮಾನಿ ಸೋದರರು ಮಲಬಾರ್ ಹಿಲ್ಲಿನಲ್ಲಿ ಒಂದು ಬಂಗಲೆ ಕೊಂಡರು. ನೋಂದಾಯಿತ ಬೆಲೆ 1,001 ಕೋಟಿ ರೂಪಾಯಿ, ಮುದ್ರಾಂಕ ಶುಲ್ಕವೇ 30 ಕೋಟಿ. ಅದು ಕಾನೂನಿನ ಪ್ರಕಾರ ದುಡಿದ, ತೆರಿಗೆ ಕಟ್ಟಿದ ಹಣ. ಅದನ್ನು ಆಕ್ಷೇಪಿಸಲು ಇದನ್ನು ಎತ್ತುತ್ತಿಲ್ಲ. ಅಂತರದ ಅಳತೆ ಕಣ್ಣಿಗೆ ಕಾಣಲಿ ಎಂದು ಎತ್ತುತ್ತಿದ್ದೇನೆ. ತಿಂಗಳಿಗೆ 15,000 ಪಗಾರದವರೊಬ್ಬರು ಒಂದು ಪೈಸೆಯೂ ಖರ್ಚು ಮಾಡದೆ ಕೂಡಿಟ್ಟರೆ 1,001 ಕೋಟಿ ಸೇರಲು 55,611 ವರ್ಷ ಬೇಕು. ಮನುಷ್ಯ ಬೇಸಾಯ ಕಲಿತು ಇನ್ನೂ ಹನ್ನೆರಡು ಸಾವಿರ ವರ್ಷಗಳಷ್ಟೇ ಆಗಿವೆ.

ಪಗಾರ ಇಷ್ಟು ಕೆಳಗೆ ಹೇಗೆ ಉಳಿಯುತ್ತದೆ? ಗುತ್ತಿಗೆ ಎಂಬ ಪದದಲ್ಲಿ ಉತ್ತರದ ಬಹುಪಾಲು ಇದೆ. ಮುಂಬಯಿಗೆ ಇದು ಹಳೆಯ ಪರಿಚಯ. ಬಟ್ಟೆ ಗಿರಣಿಗಳ ಕಾಲದಲ್ಲಿ ಕಾಯಂ ಕಾರ್ಮಿಕರ ಪಕ್ಕದಲ್ಲೇ ಬದಲಿಗಳೆಂಬವರಿದ್ದರು. ಬೆಳಗ್ಗೆ ಗಿರಣಿಯ ಬಾಗಿಲಲ್ಲಿ ನಿಲ್ಲಬೇಕು, ಯಾರಾದರೂ ರಜೆ ಹಾಕಿದ್ದರೆ ಅವರ ಮಗ್ಗ ಸಿಗುತ್ತದೆ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಬದಲಿಗಳನ್ನು ಕಾಯಂ ಮಾಡಿ ಎಂಬುದೂ ಅವರ ಬೇಡಿಕೆಯಲ್ಲಿತ್ತು. ಮುಷ್ಕರ ಸೋತಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಆವರಣ ಮಾಲಾಯಿತು. ನೂಲಿನ ದೂಳು ತುಂಬಿದ್ದ ಜಾಗದಲ್ಲಿ ಬಿಗ್ ಬಜಾರ್ ಬಂತು. ಆ ಬಿಗ್ ಬಜಾರ್ 2006ರ ಜನವರಿ 26ನ್ನು ಎಲ್ಲಕ್ಕಿಂತ ಅಗ್ಗದ ದಿನ ಎಂದು ಸಾರಿದಾಗ ದೇಶದ ಹಲವು ಊರುಗಳಲ್ಲಿ ಜನಸಾಗರ ತಡೆಯಲಾಗದೆ ಮಳಿಗೆಗಳ ಬಾಗಿಲನ್ನೇ ಎಳೆಯಬೇಕಾಯಿತು. ಜನವರಿ 26, ಜೀವನ ವೇತನವನ್ನು ಗುರಿಯಾಗಿ ಬರೆದುಕೊಂಡ ಸಂವಿಧಾನ ಜಾರಿಗೆ ಬಂದ ದಿನ. ಅಗ್ಗದ ಎಣ್ಣೆಗಾಗಿ ಅಂದು ಬಾಗಿಲು ತಳ್ಳಿದವರಲ್ಲಿ ಎಷ್ಟು ಜನರ ಪಗಾರ ಜೀವನಕ್ಕೆ ಸಾಲುತ್ತಿತ್ತು ಎಂಬುದನ್ನು ಆ ನೂಕುನುಗ್ಗಲೇ ಹೇಳುತ್ತದೆ.

ಮುಷ್ಕರದ ಆ 1982ರಲ್ಲೇ, ಸೆಪ್ಟೆಂಬರಿನಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ, ಅದು ಸಂವಿಧಾನದ 23ನೇ ವಿಧಿಗೆ ವಿರುದ್ಧ ಎಂದಿತು. ಹಸಿವೂ ಒಂದು ಬಲವಂತ ಎಂದು ನ್ಯಾಯಾಲಯ ಗುರುತಿಸಿತು. ಹಾಗಾದರೆ ಕನಿಷ್ಠ ವೇತನ ಎಂಬುದು ಜೀತದ ಗಡಿರೇಖೆ. ಗಡಿಯಿಂದ ಒಂದು ಗೇಣು ಈಚೆಗೆ ನಿಂತಿದ್ದೇವೆ ಎಂಬುದು ಕಾನೂನಿಗೆ ಸಾಕು, ಹೆಮ್ಮೆಗೆ ಸಾಲದು.

ಬೇರೆ ದಾರಿ ಇಲ್ಲವೇ ಎಂದು ಕೇಳುವವರಿಗೆ ಮುಂಬಯಿಯೇ ತೋರಿಸಿದ ದಾರಿಯೊಂದಿದೆ. ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವವರನ್ನು ಇಲ್ಲಿ ಮಾಥಾಡಿಗಳು ಎನ್ನುತ್ತಾರೆ, ಮಾಥಾ ಎಂದರೆ ತಲೆ. ತಲೆಹೊರೆಯವರು. ಇವತ್ತು ಒಬ್ಬ ವ್ಯಾಪಾರಿ, ನಾಳೆ ಇನ್ನೊಬ್ಬ. ಯಾರ ನೌಕರರೂ ಅಲ್ಲ, ಹಾಗಾಗಿ ಯಾರ ಜವಾಬ್ದಾರಿಯೂ ಅಲ್ಲ. ಅಣ್ಣಾಸಾಹೇಬ್ ಪಾಟೀಲರು ಇವರನ್ನು ಸಂಘಟಿಸಿದರು. ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯಿದೆ ತಂದಿತು. ವ್ಯಾಪಾರಿ ಕೂಲಿಯನ್ನು ಆ ಕಾಯಿದೆಯಡಿ ರಚಿತವಾದ ಮಾಥಾಡಿ ಮಂಡಳಿಗೆ ಕಟ್ಟಬೇಕು, ಅದರ ಮೇಲೆ ಲೆವಿಯನ್ನೂ ಕಟ್ಟಬೇಕು. ಆ ಲೆವಿಯಿಂದ ಭವಿಷ್ಯನಿಧಿ, ಬೋನಸ್ಸು, ರಜೆ, ಆಸ್ಪತ್ರೆ. ಮಾಲೀಕರು ನೂರು ಬದಲಾದರೂ ಕೆಲಸಗಾರನ ಹಕ್ಕಿನ ಖಾತೆ ಒಂದೇ. ಕಾಯಿದೆಯ ಜಾರಿಯಲ್ಲಿ ಕುಂದುಗಳು ಉಂಟು, ಅದರ ಹೆಸರಿನಲ್ಲಿ ವಸೂಲಿ ಮಾಡುವವರ ಬಗ್ಗೆ ದೂರುಗಳೂ ಉಂಟು. ಆದರೂ ವಾಶಿಯ ಮಾರುಕಟ್ಟೆಯಲ್ಲಿ ಅಕ್ಕಿಮೂಟೆ ಹೊತ್ತ ತಲೆಗೆ ಇಷ್ಟಾದರೂ ನೆರಳಿದೆ. ಅದೇ ಅಕ್ಕಿ ಐದು ಕಿಲೋ ಪೊಟ್ಟಣವಾಗಿ ಕೆಲವೇ ಕಿಲೋಮೀಟರ್ ಆಚೆಯ ಮಳಿಗೆಗೆ ಬಂದಾಗ, ಅದನ್ನು ಕಪಾಟಿಗೆ ಜೋಡಿಸುವ ಹುಡುಗನಿಗೆ ಗುತ್ತಿಗೆಯ ಠೇಕೇದಾರ ಬದಲಾದ ದಿನ ಎಲ್ಲವೂ ಮತ್ತೆ ಸೊನ್ನೆಯಿಂದ ಶುರುವಾಗಬಹುದು. ಲೆವಿ ಕಟ್ಟಿದ್ದಕ್ಕೆ ಮುಂಬಯಿಯ ಅಕ್ಕಿ ವ್ಯಾಪಾರ ನಿಂತುಹೋಗಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳಿಂದ ನಡೆಯುತ್ತಲೇ ಇದೆ.

ನಮ್ಮ ಕರ್ನಾಟಕವೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. ಆ್ಯಪ್ ಮೂಲಕ ಮನೆಮನೆಗೆ ಸರಕು ತಲುಪಿಸುವ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಬಂದ ಕಾನೂನು, ಪ್ರತಿ ವಹಿವಾಟಿನಲ್ಲಿ ಅವರಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ಕೊಟ್ಟಿದೆ. ಕೂರುವ ಹಕ್ಕಿನ ವಿಷಯದಲ್ಲಿ ಕೇರಳ ಮೊದಲಾಯಿತು. ಕೋಳಿಕೋಡಿನ ಜವಳಿ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕಾನೂನಿನಲ್ಲೇ ಕುರ್ಚಿ ಬರೆಸಿಕೊಂಡರು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಕೂರಲು ಒಂದು ಸ್ಟೂಲು ಪಡೆಯಲು ಸ್ವತಂತ್ರ ಭಾರತದ ಅಂಗಡಿ ಕೆಲಸದ ಹೆಂಗಸರಿಗೆ 71 ವರ್ಷ ಹಿಡಿಯಿತು.

ಅಗ್ಗದ ಬೆಲೆಯ ಭಾರ ಯಾರ ಪಗಾರದ ಮೇಲೆ ಎಂದು ಕೇಳುವಾಗ ಮುಂಬಯಿಯ ಕನ್ನಡಿಗರಾದ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಈ ಊರಿಗೆ ಅಗ್ಗದ ಊಟ ಕಲಿಸಿದವರು ಕರಾವಳಿಯವರು. 1942ರಲ್ಲಿ ರಾಮ ನಾಯಕರು ಮಾಟುಂಗಾ ಸ್ಟೇಷನ್ನಿನ ಬಳಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಿಂದ ಹಿಡಿದು ಮೂಲೆಮೂಲೆಯ ಶೆಟ್ಟರ ಹೋಟೆಲಿನವರೆಗೆ, ಗುಮಾಸ್ತರೂ ಗಿರಣಿಯವರೂ ಹೊಟ್ಟೆ ತುಂಬಿಸಿಕೊಂಡದ್ದು ನಮ್ಮವರ ರೈಸ್‌ಪ್ಲೇಟಿನಿಂದ. ಆ ಅಗ್ಗದ ತಟ್ಟೆಯ ಕೆಳಗೆ ನಮ್ಮೂರ ಮಾಣಿಗಳ ಎಳೆಯ ಕೈಗಳಿದ್ದವು. ಹತ್ತು-ಹನ್ನೆರಡು ವರ್ಷಕ್ಕೇ ಊರು ಬಿಟ್ಟು ಬಂದು, ಬೆಳಗ್ಗೆ ನಾಲ್ಕಕ್ಕೆ ಎದ್ದು, ರಾತ್ರಿ ಅದೇ ಹೋಟೆಲಿನ ಮೇಜಿನ ಮೇಲೆ ಮಲಗಿದ ಹುಡುಗರು. ಪಗಾರ ಅಲ್ಪ, ಬೈಗುಳ ಧಾರಾಳ. ಅದನ್ನು ಬಂಗಾರದ ಕಾಲ ಎಂದು ಹೊಗಳಲು ನನಗೆ ಮನಸ್ಸಿಲ್ಲ. ಆದರೆ ಆ ಕಾಲದವರು ಒಂದು ಏಣಿಯನ್ನೂ ಕಟ್ಟಿದರು. ಊಟ-ವಸತಿ ಹೋಟೆಲಿನದೇ. ಸಂಜೆಯಾದರೆ ಕನ್ನಡ ರಾತ್ರಿಶಾಲೆಗಳು. ಹಗಲಿಡೀ ತಟ್ಟೆ ಎತ್ತಿದ ಕೈಗಳು ರಾತ್ರಿ ಪುಸ್ತಕ ಹಿಡಿದವು. ಅಲ್ಲಿಂದ ಬ್ಯಾಂಕಿನವರಾದರು, ವಕೀಲರಾದರು, ಲೇಖಕರಾದರು, ಸ್ವಂತ ಹೋಟೆಲಿಟ್ಟರು. ಕಡಿಮೆ ಪಗಾರಕ್ಕೆ ದುಡಿದವನ ಎದುರು ಮೇಲಕ್ಕೆ ಹೋಗುವ ಒಂದು ಮೆಟ್ಟಿಲಾದರೂ ಕಾಣುತ್ತಿತ್ತು. ಬಿಲ್ಲಿನ ಕೌಂಟರಿನ ಹುಡುಗಿಗೆ ಇಂದು ಆ ಮೆಟ್ಟಿಲು ಎಲ್ಲಿದೆ?

ನನ್ನ ವಾದಕ್ಕೆ ಎದುರಾಗಿ ಬರುವ ಗಟ್ಟಿ ಮಾತೊಂದಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಅಗ್ಗದ ಬೆಲೆ ಬಡವರ ಪಾಲಿನ ವರ. 2011ರ ಜನಗಣತಿಯ ಪ್ರಕಾರ ಮುಂಬಯಿಯ 1.24 ಕೋಟಿ ಜನರಲ್ಲಿ ಶೇ 41ಕ್ಕೂ ಹೆಚ್ಚು ಮಂದಿ ಕೊಳೆಗೇರಿಗಳಲ್ಲಿದ್ದರು. ಅವರಿಗೆ ಎಣ್ಣೆಯ ಮೇಲೆ ಉಳಿದ ಹತ್ತು ರೂಪಾಯಿ ಹಾಲಾಗುತ್ತದೆ. ಮೂಲೆಯ ಕಿರಾಣಿ ಅಂಗಡಿಯ ಹುಡುಗನಿಗೆ ಭವಿಷ್ಯನಿಧಿ ಎಂಬ ಶಬ್ದವೇ ಗೊತ್ತಿರುವುದಿಲ್ಲ. ದೊಡ್ಡ ಮಳಿಗೆಗಳಲ್ಲಿ ಕನಿಷ್ಠ ವೇತನ, ವಿಮೆ ಎಂಬ ಕಾಗದಗಳಾದರೂ ಇರುತ್ತವೆ. ಎರಡೂ ನಿಜ. ಹಾಗೆಂದೇ ನಾನು ಅಗ್ಗದ ಮಳಿಗೆ ಮುಚ್ಚಲಿ ಎನ್ನುತ್ತಿಲ್ಲ. ಅಲ್ಲಿಗೇ ಹೋಗುತ್ತೇನೆ, ಮುಂದೆಯೂ ಹೋಗುತ್ತೇನೆ.

ಆದರೆ ಬಡವರು ಎಂದು ನಾವು ಹೇಳುವಾಗ ಕೌಂಟರಿನ ಒಂದೇ ಬದಿಯನ್ನು ನೋಡುತ್ತೇವೆ. ಇನ್ನೊಂದು ತಿಂಗಳು, ಇನ್ನೊಂದು ಭಾನುವಾರ, ಅದೇ ಮಳಿಗೆ. ಶಿಫ್ಟು ಮುಗಿದ ಅದೇ ಹುಡುಗಿ, ಸಮವಸ್ತ್ರದ ಮೇಲೆ ದುಪಟ್ಟಾ ಹಾಕಿಕೊಂಡು, ಪಕ್ಕದ ಸಾಲಿನಲ್ಲಿ ಗ್ರಾಹಕಳಾಗಿ ನಿಂತಿದ್ದಳು. ಅಕ್ಕಿ, ಬೇಳೆ, ಒಂದು ಸಾಬೂನು, ಒಂದು ಲೀಟರ್ ಎಣ್ಣೆ, ಒಂದು ಬಣ್ಣದ ಪೆನ್ಸಿಲ್ ಡಬ್ಬಿ. ಮೊತ್ತ ಪರದೆಯ ಮೇಲೆ ಮೂಡಿತು. ಅವಳು ಮುಷ್ಟಿಯಲ್ಲಿದ್ದ ನೋಟುಗಳನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಆಮೇಲೆ ಎಣ್ಣೆಯ ಪೊಟ್ಟಣವನ್ನು ಮೆಲ್ಲಗೆ ಈಚೆಗೆ ಸರಿಸಿದಳು. ಪೆನ್ಸಿಲ್ ಡಬ್ಬಿ ಉಳಿಯಿತು. ಊರಿನಲ್ಲೇ ಅಗ್ಗದ ಅಂಗಡಿಯಲ್ಲಿ, ಅಗ್ಗದ ಎಣ್ಣೆಯನ್ನು ದಿನಕ್ಕೆ ಹತ್ತಾರು ಸಲ ಎತ್ತುವವಳಿಗೆ ಅದನ್ನು ಕೊಳ್ಳಲು ಪಗಾರ ಸಾಲಲಿಲ್ಲ.

ಏನು ಮಾಡಬಹುದು ಎಂದು ಕೇಳಿದರೆ ನನ್ನಲ್ಲಿ ಕ್ರಾಂತಿಯ ಉತ್ತರವಿಲ್ಲ, ಮೂರು ಸಣ್ಣ ಉತ್ತರಗಳಿವೆ. ಒಂದು, ಓದುವುದು. ಷೇರುಪೇಟೆಯ ಮೊದಲ 1,000 ಕಂಪನಿಗಳು ತಮ್ಮ ಕೆಲಸಗಾರರಲ್ಲಿ ಎಷ್ಟು ಮಂದಿಗೆ ಕೇವಲ ಕನಿಷ್ಠ ವೇತನ, ಎಷ್ಟು ಮಂದಿಗೆ ಅದಕ್ಕಿಂತ ಹೆಚ್ಚು ಕೊಡುತ್ತಿವೆ ಎಂಬುದನ್ನು 2022-23ರಿಂದ ವಾರ್ಷಿಕ ವರದಿಯಲ್ಲಿ ಹೇಳಲೇಬೇಕೆಂದು ಸೆಬಿ ನಿಯಮ ಮಾಡಿದೆ. ಆ ಪುಟ ಎಲ್ಲರಿಗೂ ತೆರೆದಿದೆ. ಲಾಭದ ಪುಟ ಓದುವ ಷೇರುದಾರರು ಅದನ್ನೂ ಓದಲಿ, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಲಿ. ಎರಡು, ಮಾಥಾಡಿ ಮಂಡಳಿಯಂಥ ನೆರಳು ಗುತ್ತಿಗೆಯ ಅಂಗಡಿ ಕೆಲಸಗಾರರಿಗೂ ಬರಲಿ. ಠೇಕೇದಾರ ಯಾರೇ ಆಗಲಿ, ಸೇವೆಯ ವರ್ಷಗಳ ಲೆಕ್ಕ ಕಡಿಯದಿರಲಿ. ಒಂದೇ ಕಂಪನಿ ಪಗಾರ ಏರಿಸಿದರೆ ಪೈಪೋಟಿಯಲ್ಲಿ ಸೋಲುವ ಭಯವಿರುತ್ತದೆ, ಕಾನೂನು ಎಲ್ಲರ ನೆಲವನ್ನೂ ಒಟ್ಟಿಗೆ ಎತ್ತಿದರೆ ಆ ಭಯವಿಲ್ಲ. ಮೂರು, ನಾವು. ನೂರಾ ಒಂದು ರೂಪಾಯಿ ಕೊಡಲು ಸಿದ್ಧರಿದ್ದೇವೆ ಎಂದು ಬಾಯಿಬಿಟ್ಟು ಹೇಳುವುದು. ಮಳಿಗೆಯ ಮ್ಯಾನೇಜರನ ಬಳಿ ಹೋಗಿ, ಅವಳಿಗೊಂದು ಸ್ಟೂಲು ಏಕಿಲ್ಲ ಎಂದು ಕೇಳುವುದು. ನಾನು ಕೇಳಿದೆ. ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಇನ್ನೂ ಬಂದಿಲ್ಲ. ಮತ್ತೆ ಕೇಳುತ್ತೇನೆ.

ಅಲ್ಲಿಯವರೆಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ, ನೀವೂ ಮಾಡಿ ನೋಡಿ. ಬಿಲ್ಲು ಕೈಗೆ ಬಂದಾಗ ಕೆಳಗಿನ ಮೊತ್ತವನ್ನು ಓದಿ, ಕೊನೆಯ ಎರಡು ಅಂಕಿಗಳನ್ನು ಹೆಬ್ಬೆರಳಿನಿಂದ ಮುಚ್ಚಿ. ಬೆರಳಿನ ಈಚೆಗೆ ಉಳಿಯುವುದೇ ನೂರಕ್ಕೆ ಒಂದು. ನನ್ನದು ಈ ತಿಂಗಳು 28.